ಮಿಣುಕದ ಪರದೆ

ಮಾರ್ಚ್ 4, ಮಂಗಳವಾರ

ಇವತ್ತೂ ತಲೆನೋವು. ಕ್ಲಿನಿಕ್ಕಿನ ಕೌಂಟರಿನಲ್ಲಿ ಕೂತು, ಒಳಗೆ ಹಲ್ಲು ಕೊರೆಯುವ ಸದ್ದು ಕೇಳುತ್ತ, ದಿನವಿಡೀ ಅಪಾಯಿಂಟ್‌ಮೆಂಟ್ ಬರೆದೆ. ಅಲ್ಲಿನ ಹಳೇ ಕಂಪ್ಯೂಟರ್ ಎಷ್ಟು ನೋಡಿದರೂ ಕಣ್ಣಿಗೆ ಏನೂ ಆಗುವುದಿಲ್ಲ. ಈ ಹೊಸ ಫೋನು ಸ್ವಲ್ಪ ಹೊತ್ತು ನೋಡಿದರೆ ಸಾಕು — ಕಣ್ಣಿನ ಹಿಂದೆ ಯಾರೋ ಹಿಂಡಿದ ಹಾಗೆ, ಆಮೇಲೆ ವಾಕರಿಕೆ. ಹಳೇ ಫೋನು ನೀರಿನ ಬಕೆಟ್ಟಿಗೆ ಬಿದ್ದು ಸತ್ತ ಮೇಲೆ ಶುರುವಾದ ಕರ್ಮ. ಕಣ್ಣಿನ ಡಾಕ್ಟರು ಟಾರ್ಚು ಬಿಟ್ಟು ನೋಡಿ, "ಕಣ್ಣು ಚೆನ್ನಾಗಿದೆಯಮ್ಮಾ, ನಿದ್ದೆ ಮಾಡಿ" ಎಂದರು. ನಿದ್ದೆಯಂತೆ!

ಅತ್ತೆ ಆಗಲೇ ರೋಗ ಪತ್ತೆಹಚ್ಚಿದ್ದಾರೆ. "ಮೂರು ಹೊತ್ತೂ ಅದ್ರೊಳಗೇ ಮುಖ ತೂರಿಸ್ಕೊಂಡಿದ್ರೆ ಇನ್ನೇನಾಗುತ್ತೆ?"

ಆಚೆ ಎಸೆಯಬಹುದಿತ್ತು. ಆದರೆ ತಮ್ಮ ಸಿಗುವುದೇ ಅದರಲ್ಲಿ. ಹುಟ್ಟಿದಾಗಿನಿಂದ ಅವನಿಗೆ ಕಿವಿ ಕೇಳಿಸುವುದಿಲ್ಲ. ನಮ್ಮದೆಲ್ಲ ಕೈಮಾತು. ಈಗ ಬೇರೆ ಊರಿನ ಪ್ರಿಂಟಿಂಗ್ ಪ್ರೆಸ್ಸಿನಲ್ಲಿದ್ದಾನೆ. ಮೆಸೇಜಿನಲ್ಲಿ "ಸರಿ", "ಊಟ ಆಯ್ತು" — ಅಷ್ಟೇ. ವಿಡಿಯೊದಲ್ಲಿ ಕೈ ಎತ್ತಿದನೋ, ನಕ್ಕು ನಕ್ಕು ಹೊಟ್ಟೆ ಹುಣ್ಣಾಗಬೇಕು.

ಮಾರ್ಚ್ 9, ಭಾನುವಾರ

ಎಡವಟ್ಟಾಯಿತು.

ಬೆಳಿಗ್ಗೆ ತಮ್ಮನ ಕಾಲ್. ತಲೆ ಬಾಚಿ, ಇಸ್ತ್ರಿ ಶರ್ಟು ಹಾಕಿ ಕೂತಿದ್ದ. ಏನೋ ಇದೆ ಅಂದುಕೊಂಡೆ. ಸುತ್ತಿ ಬಳಸಿ ಕೊನೆಗೆ ವಿಷಯಕ್ಕೆ ಬಂದ — ಬೈಂಡಿಂಗ್ ಸೆಕ್ಷನ್ನಿನಲ್ಲಿ ಒಬ್ಬಳು ಹುಡುಗಿ… ಮದುವೆ ಆಗೋಣ ಅಂತ… ಅವನ ಕೈ ಅಷ್ಟು ನಿಧಾನ ಆಡಿದ್ದನ್ನು ನಾನು ಕಂಡಿಲ್ಲ. ಅಷ್ಟರಲ್ಲಿ ನನ್ನ ತಲೆ ಸಿಡಿಯುತ್ತಿತ್ತು. ಪರದೆಯ ಬೆಳಕು ಪೂರ್ತಿ ತಗ್ಗಿಸಿದ್ದೆ, ಆದರೂ ತಡೆಯಲಾಗಲಿಲ್ಲ. ಕಣ್ಣು ಮುಚ್ಚಿದೆ. ಒಂದೇ ಒಂದು ಕ್ಷಣ.

ತೆರೆದಾಗ ಅವನ ಕೈ ಗಾಳಿಯಲ್ಲೇ ನಿಂತಿತ್ತು. ಕಾಲ್ ಕಟ್.

ಚಿಕ್ಕಂದಿನಿಂದ ನಮ್ಮ ಜಗಳದ ರೂಢಿ ಅದು. ಎದುರಿನವರು ಮಾತಾಡುತ್ತಿರುವಾಗ ಕಣ್ಣು ಮುಚ್ಚಿದರೆ "ನಿನ್ನ ಮಾತು ಮುಗೀತು, ಹೋಗು" ಅಂತ. ನಮ್ಮಿಬ್ಬರಲ್ಲಿ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ. ಅವನ ಬದುಕಿನ ಮೊದಲ ಸಿಹಿ ಸುದ್ದಿಗೆ ಅಕ್ಕ ಕೊಟ್ಟ ಉತ್ತರ!

"ತಲೆನೋವು ಕಣೋ, ಅದಕ್ಕೇ ಮುಚ್ಚಿದ್ದು" ಅಂತ ಬರೆದೆ. "ಗೊತ್ತು" ಅಂತ ಬಂತು. ಅವನ "ಗೊತ್ತು" ಎಂಥದ್ದು ಅಂತ ನನಗೆ ಗೊತ್ತು.

ಮಾರ್ಚ್ 10

ಎತ್ತುತ್ತಿಲ್ಲ.

ಮಾರ್ಚ್ 15, ಶನಿವಾರ

ವಾರ ಪೂರ್ತಿ ತಮ್ಮನ ಸುದ್ದಿಯಿಲ್ಲ. ಕ್ಲಿನಿಕ್ಕಿನಲ್ಲಿ ಯಾರದೋ ಫೈಲು ಇನ್ಯಾರಿಗೋ ಕೊಟ್ಟು ಬೈಸಿಕೊಂಡೆ. ಸಾಕಾಗಿಹೋಗಿದೆ.

ಸಂಜೆ ಇವರು ಏನೋ ಓದಿಕೊಂಡು ಬಂದರು. "ಈ ಥರದ ಪರದೆ ಸೆಕೆಂಡಿಗೆ ನೂರಾರು ಸಲ ಆರಿ ಹತ್ತುತ್ತಂತೆ ಕಣೆ. ಬೆಳಕು ತಗ್ಗಿಸಿದಷ್ಟೂ ಕಾಟ ಜಾಸ್ತಿಯಂತೆ. ಕೆಲವ್ರಿಗೆ ಆಗಲ್ವಂತೆ."

ನಾನು ಇಷ್ಟು ದಿನ ಮಾಡಿದ್ದೇ ಅದು. ನನ್ನ ಬುದ್ಧಿಗಿಷ್ಟು!

ಅವರ ಫೋನಿನಲ್ಲಿ ಸ್ಲೋ ಮೋಷನ್ ಹಾಕಿ ನನ್ನ ಪರದೆಯನ್ನು ವಿಡಿಯೊ ಮಾಡಿದರು. ಕಪ್ಪು ಪಟ್ಟಿಗಳು ಮೇಲಿಂದ ಕೆಳಗೆ ಸರಸರ ಇಳಿಯುತ್ತಿವೆ.

"ನೋಡಿದ್ರಾ? ನಾಟಕ ಆಡ್ತಿದ್ನಾ ನಾನು?"

"ನಾನೆಲ್ಲಿ ಹಾಗಂದೆ?"

"ಬಾಯಲ್ಲಿ ಅನ್ಲಿಲ್ಲ, ಅಷ್ಟೇ."

ಅಳು ಬಂತು. ಹುಚ್ಚು ಹಿಡಿದಿಲ್ಲವಲ್ಲ ಎಂಬ ಸಮಾಧಾನಕ್ಕೆ.

ಮಾರ್ಚ್ 16, ಭಾನುವಾರ

ಅಂಗಡಿಗೆ ಹೋದೆವು. ಸಾಲಾಗಿಟ್ಟ ಒಂದೊಂದು ಫೋನಿನ ಬೆಳಕೂ ತಗ್ಗಿಸಿ, ಇವರ ಕ್ಯಾಮೆರಾ ಹಿಡಿದು ನೋಡುವುದು. ಪಟ್ಟಿ. ಪಟ್ಟಿ. ಮತ್ತೆ ಪಟ್ಟಿ. ಅಂಗಡಿಯವನಿಗೆ ತಲೆ ಕೆಟ್ಟಿತು.

"ಮೇಡಂ, ಇದು ನೋಡಿ, ಡಿಸ್‌ಪ್ಲೇ ಬೆಂಕಿ!"

"ಬೆಂಕೀನೇ ಬೇಡಪ್ಪಾ. ಹಳೇ ಥರದ್ದು, ಎಲ್‌ಸಿಡಿ ಇರೋದು ಕೊಡು."

"ಎಲ್ರೂ ಅದು ಬಿಟ್ಟು ಇದಕ್ಕೆ ಬರ್ತಾರೆ. ನೀವು ಉಲ್ಟಾ!"

ಗೊಣಗುತ್ತ ಒಳಗಿನಿಂದ ಧೂಳು ಹಿಡಿದ ಡಬ್ಬ ತಂದ. ದಪ್ಪ, ಭಾರ, ಬಣ್ಣ ಪೇಲವ. ಕ್ಯಾಮೆರಾ ಹಿಡಿದೆ. ಒಂದು ಪಟ್ಟಿಯೂ ಇಲ್ಲ! ನಿಂತಲ್ಲೇ ನಿಂತು ನೋಡಿದೆ, ನೋಡುತ್ತಲೇ ಇದ್ದೆ. ನೋವಿಲ್ಲ. ಇದೇ ಇರಲಿ ಅಂದೆ.

ಮನೆಗೆ ಬಂದು ನಿನ್ನೆಯ ವಿಡಿಯೊ ತಮ್ಮನಿಗೆ ಕಳಿಸಿದೆ. ಅವನು ಕಣ್ಣಾರೆ ಕಂಡಿದ್ದನ್ನಷ್ಟೇ ನಂಬುವವನು. ಕೆಳಗೆ ಬರೆದೆ: "ನೀನು ಮಾತಾಡ್ತಿದ್ದಾಗ ನಿನ್ನ ಮುಖದ ಮೇಲೆ ಹೀಗೆ ಓಡ್ತಿತ್ತು ಕಣೋ. ನಿನ್ನ ಮಾತಿಗಲ್ಲ, ಇದಕ್ಕೆ ಮುಚ್ಚಿದ್ದು."

ನೋಡಿದ್ದಾನೆ. ಉತ್ತರ ಇಲ್ಲ.

ಮಾರ್ಚ್ 18, ಮಂಗಳವಾರ, ಸಂಜೆ

ಹೊಸ ಫೋನು ಎಷ್ಟು ನೋಡಿದರೂ ಏನೂ ಆಗುತ್ತಿಲ್ಲ. ಆದರೆ ಯಾರನ್ನು ನೋಡಲಿ? ಕತ್ತೆ ಬಡವ. ಅಕ್ಕನನ್ನು ಇಷ್ಟು ಸತಾಯಿಸಬೇಕಾ? ಆ ಹುಡುಗಿ ಹೇಗಿದ್ದಾಳೋ. ಅವಳಿಗೆ ಕೈಮಾತಿನಲ್ಲಿ ಏನು ಹೆಸರಿಟ್ಟಿದ್ದಾನೋ. ಏನಾದರೊಂದು ತುಂಟ ಹೆಸರೇ ಇಟ್ಟಿರುತ್ತಾನೆ. ನನಗೂ ಹೇಳದೆ ಮದುವೆ ಮಾಡಿಕೊಂಡುಬಿಟ್ಟರೆ…

ಫೋನು ನಡುಗುತ್ತಿದೆ. ಅವನೇ! ವಿಡಿಯೊ. ಎತ್ತಿದೆ. ಅವನ ಪಕ್ಕದಲ್ಲಿ ಯಾರೋ ಕೂತ ಹಾಗಿದೆ — ಇರು ಮಾರಾಯ, ಎರಡೂ ಕೈ ಬೇಕು, ಪೆನ್ನು ಕೆಳಗೆ