ಒಗೆದ್ರಾಯ್ತು

ಅಕ್ಕನ ಮನೆ, ಹಿಂದಿನ ಬಾಲ್ಕನಿ
ಶನಿವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಅಮ್ಮಾ,

ನಿನ್ನ ಸೊಂಟದ ನೋವು ಹೇಗಿದೆ? ಅಜ್ಜಿಯನ್ನು ಎತ್ತಿ ಕೂರಿಸುವಾಗ ಒಬ್ಬಳೇ ಎತ್ತಬೇಡ, ಮಾವನನ್ನು ಕರೆ. ಕರೆದ ಕೂಡಲೇ ಬರುವವನಲ್ಲ ಅವನು, ಗೊತ್ತು; ಬರುವವರೆಗೂ ಕರೆಯುತ್ತಿರು. ಇಲ್ಲಿ ಅಕ್ಕನ ಹೊಲಿಗೆ ಹಾಕಿದ ಗಾಯ ಮಾಯ್ದಿದೆ, ಊಟ ಸರಿಯಾಗಿ ಮಾಡುತ್ತಿದ್ದಾಳೆ. ಮಗು, ಅಂದರೆ ನಮ್ಮ ದೊರೆಸಾನಿ, ಈಗ ಮುಖ ನೋಡಿ ನಗುತ್ತಾಳೆ. ಭಾವನನ್ನು ಕಂಡರೆ ಮಾತ್ರ ಸ್ವಲ್ಪ ಯೋಚಿಸಿ ನಗುತ್ತಾಳೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನುತ್ತೀಯ. ಈ ಮನೆಯಲ್ಲಿ ಫೋನೆಂದರೆ ಸ್ಪೀಕರ್ ಹಾಕಿಕೊಂಡು ಎಲ್ಲರೂ ಸುತ್ತ ಕೂರುವುದು. ನಾನು ಹೇಳಬೇಕಿರುವುದು ಹಾಗೆ ಕೂತು ಕೇಳುವಂಥದ್ದಲ್ಲ.

ಇಲ್ಲೇ ಊರಿನ ಅಚ್ಚುಮನೆಯವರು ನನ್ನನ್ನು ಕೆಲಸಕ್ಕೆ ಕರೆದಿದ್ದಾರಮ್ಮಾ. ಪ್ರೂಫ್ ತಿದ್ದುವ ಕೆಲಸ. ಎಂ.ಎ. ಮುಗಿಸಿ ಹಾಕಿದ ಅರ್ಜಿಗಳಲ್ಲಿ ಇದೊಂದಕ್ಕೇ ಉತ್ತರ ಬಂದದ್ದು. ಸೋಮವಾರದಿಂದ ಬರುವುದಾದರೆ ಇವತ್ತೇ ತಿಳಿಸಬೇಕಂತೆ. ಅಕ್ಕನಿಗೆ ಹೇಳಿದಾಗ ಅವಳು ನನ್ನ ಕೆನ್ನೆ ಹಿಂಡಿ ಸಂತೋಷಪಟ್ಟಳು, ಆಮೇಲೆ ಬಾಲ್ಕನಿಯ ಹಗ್ಗದ ಕಡೆ ನೋಡಿದಳು. ಆ ನೋಟದಿಂದಾಗಿಯೇ ನಾನು ಇನ್ನೂ ಉತ್ತರ ಕೊಟ್ಟಿಲ್ಲ.

ಹಗ್ಗದ ಮೇಲಿರುವುದು ದೊರೆಸಾನಿಯ ಬಟ್ಟೆಗಳು. ನಿನ್ನ ಬದಲು ನಾನು ಬಾಣಂತನಕ್ಕೆಂದು ಬಂದ ಹೊಸತರಲ್ಲಿ ಅಂಗಡಿಯ ಡೈಪರ್ ಕಟ್ಟುತ್ತಿದ್ದರು. ತೊಡೆಯ ಸಂದಿಯೆಲ್ಲ ಕೆಂಪಾಗಿ ಮಗು ಮುಟ್ಟಿದರೆ ಚೀರುತ್ತಿತ್ತು. ಮಗುವಿನ ಚರ್ಮಕ್ಕಾಗಿ ಬಟ್ಟೆಯದೇ ಬೇಕೆಂದಳು ಅಕ್ಕ. ಭೂಮಿಗಾಗಿ ಬೇಕೆಂದರು ಭಾವ. ಎಸೆದ ಡೈಪರ್ ನಾವೆಲ್ಲ ಹೋದ ಮೇಲೂ ಮಣ್ಣಿನಲ್ಲಿ ಹಾಗೇ ಬಿದ್ದಿರುತ್ತದೆ ಎಂದು ಅವರು ಹೇಳಿದಾಗ ನನಗೂ ನಿಜವೆನಿಸಿತು, ಈಗಲೂ ಅನಿಸುತ್ತದೆ. ಗುಂಡಿಯಿರುವ ಹೊದಿಕೆಗಳು, ಒಳಗಿಡುವ ಹತ್ತಿಬಟ್ಟೆಗಳು, ಮುಚ್ಚಳದ ಬಕೆಟ್ಟು ಎಲ್ಲ ಬಂದವು. "ಏನ್ ಮಹಾ ಕಷ್ಟ, ಒಗೆದ್ರಾಯ್ತು" ಅಂದರು ಭಾವ. ಅಕ್ಕನೂ ಹೌದು, ಒಗೆದ್ರಾಯ್ತು ಅಂದಳು. ಮಾತು ಹಿಡಿದು ಜಗ್ಗುವುದು ನನ್ನ ಚಟವೆಂದು ನಿನಗೆ ಗೊತ್ತಲ್ಲ. ಆ ಮಾತಿನಲ್ಲಿ ಕರ್ತೃಪದವೇ ಇಲ್ಲ ನೋಡು. ಒಗೆಯುವುದಿದೆ, ಆಗುವುದಿದೆ, ಒಗೆಯುವವರು ಮಾತ್ರ ಇಲ್ಲ. ಆ ಖಾಲಿ ಜಾಗದಲ್ಲಿ ನಾನು ಸದ್ದಿಲ್ಲದೆ ಹೋಗಿ ಕೂತುಬಿಟ್ಟೆ.

ಬೇಜಾರಿನಿಂದ ಕೂತದ್ದಲ್ಲ. ಸೋಪಿನ ಪುಡಿ ಹೆಚ್ಚಾದರೆ ಬಟ್ಟೆ ಒದ್ದೆ ಹೀರುವುದಿಲ್ಲ, ಹಳದಿ ಕಲೆಯನ್ನು ಬಿಸಿಲೇ ಅರ್ಧ ತೆಗೆಯುತ್ತದೆ ಎಂದೆಲ್ಲ ಕಲಿತೆ. ಮಗುವಿನ ಮೈ ಕೆಂಪು ಇಳಿದ ದಿನ ನಾನೇ ಹೆತ್ತವಳ ಹಾಗೆ ಬೀಗಿದೆ. ಬಟ್ಟೆ ಹರವುವಾಗಲೆಲ್ಲ ಕೆಳಗಿನ ಮನೆಯ ಟೈಲರ್ ಆಂಟಿ ಕತ್ತೆತ್ತಿ, "ಎಂ.ಎ.ನಲ್ಲಿ ಇದೂ ಒಂದು ಪೇಪರ್ ಇತ್ತೇನಮ್ಮ?" ಎಂದು ಕೇಳುತ್ತಾರೆ. ನಾನು ನಕ್ಕು ಇನ್ನೊಂದು ಬಟ್ಟೆ ಹರವುತ್ತೇನೆ. ತಕ್ಕ ಉತ್ತರ ಹೊಳೆಯುವುದು ಒಳಗೆ ಬಂದ ಮೇಲೆ.

ಗುರುವಾರ ಭಾವನ ಆಫೀಸಿನವರು ಮಗು ನೋಡಲು ಬಂದಿದ್ದರು. ಭಾವ ಅವರನ್ನು ಬಾಲ್ಕನಿಗೆ ಕರೆದೊಯ್ದು ಹಗ್ಗ ತೋರಿಸಿ, ನಾವು ಬಟ್ಟೆಯದನ್ನೇ ಬಳಸುವುದು, ಕಷ್ಟವೇನಿಲ್ಲ ಅಂದರು. ನಾನು ಲೋಟಗಳ ತಟ್ಟೆ ಹಿಡಿದು ಹಿಂದೆ ನಿಂತಿದ್ದೆ. ಅವರೆಲ್ಲ ಹೋದ ಮೇಲೂ ಭಾವ ಹುರುಪು ಇಳಿಯದೆ, "ಇನ್ಮೇಲೆ ಹೊರಗೆ ಹೋಗೋವಾಗ್ಲೂ ಬಟ್ಟೆದೇ ಹಾಕೋಣ. ವಾಪಸ್ ತಂದು ಒಗೆದ್ರಾಯ್ತು" ಅಂದರು.

"ಯಾರು ಒಗೆದ್ರೆ, ಭಾವ?"

ಅಮ್ಮಾ, ಕೇಳಿದ್ದು ನಾನೇ. ಜಗಳದ ದನಿಯಲ್ಲಲ್ಲ, ತರಗತಿಯಲ್ಲಿ ವ್ಯಾಕರಣದ ಅನುಮಾನ ಕೇಳುತ್ತಾರಲ್ಲ, ಹಾಗೆ. ಭಾವ ಅಕ್ಕನನ್ನು ನೋಡಿದರು, ಅಕ್ಕ ಮಗುವನ್ನು ನೋಡಿದಳು. ಆಮೇಲೆ ಭಾವ "ಹೌದಲ್ಲ" ಅಂದರು.

ಅವರು ಕೆಟ್ಟವರಲ್ಲ. ನಿನ್ನೆ ಬೆಳಿಗ್ಗೆ ಪ್ಯಾಂಟು ಮೇಲಕ್ಕೆ ಮಡಚಿಕೊಂಡು ಬಚ್ಚಲಿಗೆ ಇಳಿದರು. ತಮ್ಮ ಹೊಸ ಕೆಂಪು ಟವೆಲ್ಲನ್ನೂ ಜೊತೆಗೇ ನೆನೆಹಾಕಿದ್ದರಿಂದ ದೊರೆಸಾನಿಯ ಬಟ್ಟೆಗಳೆಲ್ಲ ಈಗ ಗುಲಾಬಿ ಬಣ್ಣ. ಹಿಂಡಲೂ ಬರುವುದಿಲ್ಲ, ನೀರು ಸುರಿಯುತ್ತಿದ್ದಂತೆಯೇ ಹಗ್ಗಕ್ಕೆ ಹಾಕಿದರು. ಕೆಳಗಿನಿಂದ ಟೈಲರ್ ಆಂಟಿ, ಮಳೆ ಶುರುವಾಯಿತೇ ಎಂದು ವಿಚಾರಿಸಿದರು. ಒಗೆಯುವುದಕ್ಕಿಂತ ಬಾಗಿಲಲ್ಲಿ ನಿಂತು ನೋಡುವುದೇ ನನಗೆ ಕಷ್ಟವಾಯಿತು. ಬಿಡಿ ಭಾವ, ನಾನು ಮಾಡುತ್ತೇನೆ ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ಅಂದಿದ್ದರೆ ಅವರು ಬಿಟ್ಟೇ ಬಿಡುತ್ತಿದ್ದರು. ಅದಕ್ಕೇ ಅನ್ನಲಿಲ್ಲ.

ಸಂಜೆ ಅಕ್ಕ ಮಗುವಿಗೆ ಹಾಲು ಕುಡಿಸುತ್ತಾ, "ನೀನು ಹೋದ್ರೆ ಇದು ಎಷ್ಟು ದಿನ ನಡೆಯುತ್ತೆ ಹೇಳು. ಮತ್ತೆ ಅಂಗಡಿ ಡೈಪರ್ ಪ್ಯಾಕೆಟ್ಟೇ ಗತಿ" ಅಂದಳು. ಬೈದದ್ದಲ್ಲ, ದಣಿದು ಹೇಳಿದ್ದು. ನನಗೆ ನಾಟಿದ್ದೂ ಅದಕ್ಕೇ. ನಾನು ಹೋಗಿ ಮಗುವಿನ ಮೈಗೆ ಆ ಕೆಂಪು ಮತ್ತೆ ಬಂದರೆ? ಹೋಗದೆ ಉಳಿದರೆ, ದೊರೆಸಾನಿ ದೊಡ್ಡವಳಾಗುವ ಹೊತ್ತಿಗೆ ಇನ್ನೊಂದೇನೋ ಇರುತ್ತದೆ, ಅದನ್ನೂ ಮಾಡಿದರಾಯಿತು ಅನ್ನುತ್ತಾರೆ, ನಾನೂ ಮಾಡುತ್ತೇನೆ. ಬಟ್ಟೆಯೇ ಸರಿ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಇಡೀ ಮನೆ ಆರಿಸಿಕೊಂಡ ಒಳ್ಳೆಯ ಕೆಲಸವೊಂದು ಒಬ್ಬಳ ಕೈಯ ಮೇಲೇ ನಿಂತಿದ್ದರೆ, ಅದನ್ನು ಆರಿಸಿಕೊಂಡವರು ಯಾರು?

ಅಜ್ಜಿಯ ಕಾಲು ಮುಟ್ಟಿದೆನೆಂದು ಹೇಳು. ನೀನು ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ
ಚಿಕ್ಕವಳು

ತಾ.ಕ.: ಇದನ್ನು ಅಂಚೆಗೆ ಹಾಕಲು ಹೊರಟವಳು ಮೊದಲು ಅಚ್ಚುಮನೆಗೆ ಹೋಗಿ, ಸೋಮವಾರ ಬರುತ್ತೇನೆಂದು ಹೇಳಿಬಿಟ್ಟೆ. ಅವರ ಮೇಜಿನ ಮೇಲೇ ಅವಸರದಲ್ಲಿ ಬರೆಯುತ್ತಿದ್ದೇನೆ. ಅಕ್ಕ ನಿನಗೆ ಫೋನ್ ಮಾಡಿ, ಅಜ್ಜಿಯನ್ನು ಮಾವನಿಗೆ ಒಪ್ಪಿಸಿ ಬಾ ಅನ್ನುತ್ತಾಳೆ. ಬರಬೇಡಮ್ಮಾ. ಬಂದರೆ ನೀನು ಭಾವನ ಕೈಯಿಂದ ಬಕೆಟ್ಟು ಕಿತ್ತುಕೊಳ್ಳುತ್ತೀಯ. ಮೊಮ್ಮಗಳನ್ನು ನೋಡಬೇಕೆನಿಸಿದರೆ ಒಂದು ಭಾನುವಾರ ನೆಂಟರ ಹಾಗೆ ಬಾ. ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂರು, ಒದ್ದೆಯಾದರೆ ಭಾವನನ್ನು ಕೂಗು, ಸಂಜೆಗೆ ಹೊರಟುಬಿಡು.