ಬಿಟ್ಟ ಸಾಲು

ಜುಲೈ 2
ಅದೇ ರಾಗ, ಅದೇ ಹಾಡು. ಹೊರಗಿನ ಆಸ್ಪತ್ರೆಗಳಲ್ಲಿ ನಮ್ಮ ಮೆಡಿಕಲ್ ಕಾಲೇಜಿನ ವಿದ್ಯಾರ್ಥಿಗಳಿಗೆ ಪಾಠ ಹೇಳುವ ಡಾಕ್ಟರುಗಳ ಲೈಬ್ರರಿ ಲಾಗಿನ್ ಎಲ್ಲ ಬಂದ್. ಡೀನ್ ಸಹಿ ಹಾಕಿದರೆ ಮಾತ್ರ ಈ ವರ್ಷಕ್ಕೆ ಚಾಲೂ. ಡೀನ್ ಊರಲ್ಲೇ ಇಲ್ಲ. ಪಾಠಕ್ಕೆ ಬೇಕು, ಪುಸ್ತಕಕ್ಕೆ ಬೇಡ — ಪಾಪ, ಅವರಿಗೂ ಸಿಟ್ಟು ಬರದೇ ಇರುತ್ತದೆಯೇ? ಲೈಬ್ರರಿ ಕೌಂಟರಿನಲ್ಲಿ ಕೂತು ಬೈಸಿಕೊಳ್ಳುವವಳು ಮಾತ್ರ ನಾನು. ಮಂಡಿ ನೋವು ಬೇರೆ.

ಜುಲೈ 4
ಊರಾಚೆ ಆಸ್ಪತ್ರೆಯ ಮಕ್ಕಳ ಡಾಕ್ಟರ ಫೋನ್. ಎಂಟು ವರ್ಷದ ಹುಡುಗಿ. ಕಾಲಿನಿಂದ ಶುರುವಾಗಿ ಮೈಯೆಲ್ಲ ಬಲ ಹೋಗಿದೆ. ಉಸಿರಿಗೂ ಮೆಷಿನ್.

“ಮೇಡಂ, ಈ ಕಾಯಿಲೆ ಮೇಲೆ ನಿಮ್ಮಲ್ಲಿ ಒಂದು ಲೇಖನ ಇದೆ, ಕಳ್ಸಿಬಿಡಿ. ಔಷಧಿ ಎರಡನೇ ಸಲ ಕೊಡ್ಬೇಕೋ ಬೇಡ್ವೋ ನೋಡ್ಬೇಕು.”

“ಕಳ್ಸೋ ಹಾಗಿಲ್ಲ ಸಾರ್. ಹೋದ ವರ್ಷ ಯಾರೋ ಹೊರಗೆ ಕಳ್ಸಿದ್ದಕ್ಕೆ ಜರ್ನಲ್ ಕಂಪನಿಯವ್ರು ಇಡೀ ಕಾಲೇಜಿಗೇ ಬಾಗಿಲು ಹಾಕಿದ್ರು.”

“ಸರಿ ಮೇಡಂ,” ಎಂದರು ಅಷ್ಟೇ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

“ಓದಿ ಹೇಳ್ಬಾರ್ದು ಅಂತ ಯಾರೂ ಹೇಳಿಲ್ಲ ಸಾರ್. ಬರ್ಕೊಳ್ಳಿ.”

ಓದಿದೆ. ಔಷಧಿ ಹೆಸರು ಬಂದಲ್ಲೆಲ್ಲ ತೊದಲಿದೆ. ಎರಡನೇ ಸಲ ಕೊಟ್ಟರೆ ಅಪಾಯವೇ ಹೆಚ್ಚು, ಕಾಯಬೇಕು — ಹೀಗಿತ್ತು. ಅಷ್ಟರಲ್ಲಿ ಆ ಕಡೆ ಒಬ್ಬ ಹೆಂಗಸಿನ ದನಿ, “ನನ್ ಮಗಳು ಏಳ್ತಾಳಂತಾ ಸಾರ್?” ಸ್ಪೀಕರ್ ಹಾಕಿದ್ದಾರೆ, ಪುಣ್ಯಾತ್ಮ!

ಕೊನೆಯಲ್ಲಿ ಇನ್ನೊಂದು ಸಾಲಿತ್ತು. ಎಷ್ಟು ಮಕ್ಕಳು ಏಳುವುದೇ ಇಲ್ಲ ಎಂದು. ಬಿಟ್ಟೆ.

“ಮುಗೀತಾ?”

“ಮುಗೀತು ಸಾರ್.”

ಜುಲೈ 5
ಊಟ ಸೇರಲಿಲ್ಲ. “ಲೈಬ್ರರಿನೇ ತಲೆ ಮೇಲೆ ಹೊತ್ಕೊಂಡ್ ಬಂದಿದೀಯಾ?” ಎಂದರು ಯಜಮಾನರು. ಅಧಿಕಪ್ರಸಂಗ ಮಾಡಿದೆನೇನೋ. ಡಾಕ್ಟರಿಗೆ ಆ ಸಾಲೇ ಬೇಕಾಗಿದ್ದರೆ...? ಫೋನ್ ಮಾಡಿ ಹೇಳಲು ಧೈರ್ಯ ಸಾಲದು.

ಆಗಸ್ಟ್ 5
ಡೀನ್ ಬಂದರು. ಸಹಿ ಬಿತ್ತು. ಮೊದಲು ಚಾಲೂ ಮಾಡಿದ್ದು ಮಕ್ಕಳ ಡಾಕ್ಟರ ಲಾಗಿನ್. ಹುಡುಗಿ ಹೇಗಿದ್ದಾಳೆ ಎಂದು ಕೇಳಬೇಕಿತ್ತು. ‘ಲಾಗಿನ್ ಚಾಲೂ’ ಎಂದಷ್ಟೇ ಮೆಸೇಜ್ ಹಾಕಿದೆ.

ಆಗಸ್ಟ್ 6, ಮಧ್ಯಾಹ್ನ
ಡಾಕ್ಟರ ಫೋನ್.

“ಲೇಖನ ಈಗ ನೋಡ್ದೆ ಮೇಡಂ. ಕೊನೇ ಸಾಲು ಬಿಟ್ಟಿದ್ರಿ.”

“ತಪ್ಪಾಯ್ತು ಸಾರ್... ಅವಳ ಅಮ್ಮ ಅಲ್ಲೇ ಇದ್ರಲ್ಲ.”

“ಅಮ್ಮ ಅಷ್ಟೇ ಅಲ್ಲ. ಪಕ್ಕದಲ್ಲೇ ಮಲಗಿದ್ದ ಆ ಹುಡುಗಿಗೂ ಎಲ್ಲಾ ಕೇಳಿಸ್ತಿತ್ತು. ಮೈ ಅಲ್ಲಾಡ್ತಿರ್ಲಿಲ್ಲ ಅಷ್ಟೇ. ನನಗೇ ಅದು ಹೊಳೀಲಿಲ್ಲ ನೋಡಿ. ಇರಿ, ಕೊಡ್ತೀನಿ.”

ಯಾರಿಗೆ ಎನ್ನುವಷ್ಟರಲ್ಲಿ ಒಂದು ಗೊಗ್ಗರು ದನಿ.

“ಆಂಟಿ... ಅಷ್ಟೊಂದು ತೊದಲ್ತಾ ಓದಿದ್ರೆ ನಮ್ ಟೀಚರ್ ಬೈತಾರೆ.”

ನಗು ಬಂತು. ಅಳುವೂ ಬಂತು. ಕೌಂಟರ್ ಮುಂದೆ ಯಾರೋ ಕಾಯುತ್ತಿದ್ದರು. ಕಾಯಲಿ. “ಬೈಲಿ ಪುಟ್ಟಾ,” ಎಂದೆ, “ನೀನು ಮೊದಲು ಶಾಲೆಗೆ...” ಮುಂದೆ ಏನೆಂದೆನೋ ನೆನಪಿಲ್ಲ.