ಟಿಕ್ ಅಂದರೂ ಹತ್ತದ ಬಲ್ಬು

ಮಾರ್ಚ್ ೧೪, ಶನಿವಾರ ರಾತ್ರಿ

ಇಲ್ಲ ಕಣೇ, ಕಾರು ಕೆಟ್ಟಿದೆ ಅನ್ನೋದು ನೆಪ ಅಲ್ಲ. "ಬರೋ ಮನಸ್ಸಿಲ್ಲ ಅಂತ ನೇರವಾಗೇ ಹೇಳು" ಅಂತ ನೀನು ಫೋನ್ ಇಟ್ಟುಬಿಟ್ಟೆ. ನಿನ್ನನ್ನು ತವರಿಂದ ಕರೆತರೋಕೇ ತಾನೇ ನಾನು ಇಷ್ಟು ಒದ್ದಾಡುತ್ತಿರುವುದು.

ಕಾರಿನ ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲ್ ತಳ್ಳುವ ಪಂಪಿಗೆ ಕರೆಂಟ್ ಕೊಡುವ ಪುಟ್ಟ ಡಬ್ಬಿ, ರಿಲೇ, ಅದನ್ನು ಕಿತ್ತು ತಂದು, ಅಡುಗೆಮನೆ ಕಟ್ಟೆಯ ಮೇಲೆ ಹಳೇ ಬ್ಯಾಟರಿಗೆ ಹಚ್ಚಿದೆ. ಟಿಕ್ ಅಂತು. ನಿನ್ನೆಯೂ ಅಂದಿತ್ತು. ಸದ್ದು ಕೇಳಿ ಇದು ಸರಿಯಿದೆ ಅಂದುಕೊಂಡು ಪಂಪನ್ನೇ ಬೈದಿದ್ದೆ. ಇವತ್ತು ಬಲ್ಬು ಸಿಕ್ಕಿಸಿ ನೋಡಿದರೆ, ಟಿಕ್ ಅನ್ನುತ್ತೆ, ಬಲ್ಬು ಮಾತ್ರ ಹತ್ತಲ್ಲ. ಕರೆಂಟ್ ದಾಟುವ ಜಾಗವೇ ಒಳಗೆ ಸುಟ್ಟುಹೋಗಿದೆ.

ನೀರು ಕುಡಿಯಲು ಬಂದ ಅಮ್ಮ, "ಹೆಂಡ್ತೀನ ಕರ್ಕೊಂಡು ಬಾ ಅಂದ್ರೆ ಡಬ್ಬಿ ಜೊತೆ ಸಂಸಾರ ಮಾಡ್ತಿದೀಯಲ್ಲೋ" ಅಂದಳು. ನಗು ಬಂತು, ಆದರೆ ಹೆಚ್ಚು ಹೊತ್ತು ಉಳಿಯಲಿಲ್ಲ. ಒಲೆ ಪಕ್ಕದ ಮೊಳೆಯಲ್ಲಿ ನಿನ್ನ ಜಡೆಯ ರಬ್ಬರ್ ಇನ್ನೂ ನೇತಾಡುತ್ತಿದೆ. ಅದರಲ್ಲಿ ನಿನ್ನ ಕೂದಲು ಸಿಕ್ಕಿಕೊಂಡಿದೆ. ಬಿಡಿಸಲು ಹೋಗಿ ಕೈ ಹಿಂದೆ ತೆಗೆದೆ.

ಹೊಸ ರಿಲೇ ತರೋಣವೆಂದರೆ ಅಂಗಡಿ ತೆಗೆಯುವುದು ಸೋಮವಾರ. ಅಲ್ಲಿವರೆಗೆ ಕಾಯೋದು ನನ್ನಿಂದ ಆಗಲ್ಲ. ಹಾರ್ನಿನ ರಿಲೇಯೂ ಇಂಥದ್ದೇ, ಅದನ್ನು ಕಿತ್ತು ಪಂಪಿಗೆ ಹಾಕಿದೆ. ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್ ಆಯ್ತು. ಈಗ ಹಾರ್ನ್ ಇಲ್ಲ. ನಿಮ್ಮಪ್ಪನ ಮುಖ ನೋಡಲಾಗದೆ ನಾನು ಯಾವತ್ತೂ ಗೇಟಿನಾಚೆಯೇ ಹಾರ್ನ್ ಹೊಡೆದು ನಿನ್ನನ್ನು ಕರೀತಿದ್ದೆ. ಈ ಸಲ ಇಳಿದು ಬಂದು ಕದ ತಟ್ಟಬೇಕು. ಅವರೇ ತೆಗೆದರೆ ಏನು ಹೇಳಲಿ, ದಾರಿಯಲ್ಲಿ ಏನಾದರೂ ಹೊಳೆದರೆ...

ಅಮ್ಮನಿಗೆ ಹೇಳಾಯ್ತು. ಬಾಗಿಲು ಎಳೆದುಕೊಂಡು ಹೊರಟೆ.